1500 ವ್ಯಾಟ್ ಹೀಟರ್ ರಾಡ್ 918 ವ್ಯಾಟ್ ಅಷ್ಟೇ ತಗೊಳ್ತಿದೆ, ಲೆಕ್ಕ ತಪ್ಪೋ ರಾಡ್ ತಪ್ಪೋ?

ತೋಟದಮನೆ_ಹೊಸನಗರ:

ಎಲ್ರಿಗೂ ನಮಸ್ಕಾರ. ನಮ್ಮೂರು ಹೊಸನಗರ ಕಡೆ, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಬರೋ ಲೈನಿಗೆ ಕಟ್ಟಕಡೇ ಮನೆ ನಮ್ದು, ಹಾಗಾಗಿ ವೋಲ್ಟೇಜ್ ಯಾವಾಗ್ಲೂ ಕಮ್ಮಿ. ಬಚ್ಚಲಲ್ಲಿ ಹಂಡೆ ಒಲೆ ಇದೆ, ಆದ್ರೆ ಆಷಾಢದ ಮಳೇಲಿ ಸೌದೆ ಎಲ್ಲ ಹಸಿ ಹಿಡ್ದು ಬರೀ ಹೊಗೆ, ಅದಕ್ಕೇ ಈ ಸಲ ನೀರು ಕಾಯಿಸೋ ರಾಡ್ ತಂದ್ವಿ. ಮೈಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಅಚ್ಚು ಹಾಕಿದಾರೆ. ಒಂದು ಬಕೆಟ್ ಅಂದ್ರೆ 20 ಲೀಟರ್ ನೀರು ಸ್ನಾನಕ್ಕಾಗೋಷ್ಟು ಕಾಯೋಕೆ 35-40 ನಿಮಿಷ ತಗೊಳ್ತಿದೆ, ಅಂಗಡಿಯವ್ರು 20 ನಿಮಿಷ ಸಾಕು ಅಂದಿದ್ರು.

ಮಗಳು ಎಸ್ಸೆಸ್ಸೆಲ್ಸಿ, ಈಗ ಶಾಲೇಲಿ ವಿದ್ಯುತ್ ಪಾಠ ನಡೀತಿದೆ, ಅವಳೇ ಲೆಕ್ಕ ಹಾಕ್ದಳು, 1500 ಭಾಗಿಸು 230, 6.52 ಆಂಪಿಯರ್ ಬರ್ಬೇಕು ಅಂತ. ಎಲೆಕ್ಟ್ರಿಷಿಯನ್ ಒಬ್ರ ಹತ್ರ ಟಾಂಗ್ ಟೆಸ್ಟರ್ (ವೈರಿನ ಸುತ್ತ ಇಕ್ಕಳದ ಥರ ಹಿಡ್ದು ಕರೆಂಟ್ ಅಳೆಯೋ ಮೀಟರ್) ಇತ್ತು, ಅವ್ರನ್ನೇ ಕರ್ಸಿದ್ವಿ. ಮೊದ್ಲು ಇಡೀ ಕೇಬಲ್ಲನ್ನ ಹಿಡ್ದಾಗ ಸೊನ್ನೆ ತೋರಿಸ್ತು, ಹೋಗೋ ಕರೆಂಟು ಬರೋ ಕರೆಂಟು ಎರಡೂ ಒಟ್ಟಿಗೆ ಸಿಕ್ಕಿದ್ರೆ ಹಾಗೇ ಅಂತೆ, ಆಮೇಲೆ ಒಂದೇ ವೈರ್ ಬಿಡಿಸಿ ಹಿಡ್ದಾಗ 5.1 ಆಂಪಿಯರ್ ಬಂತು. ಅದೇ ಹೊತ್ತಿಗೆ ಪ್ಲಗ್ ಹತ್ರ ವೋಲ್ಟೇಜ್ 180. ಎರಡೂ ಗುಣಿಸಿದ್ರೆ 918 ವ್ಯಾಟ್.

ಈಗ ನನ್ನ ಪ್ರಶ್ನೆಗಳು. ರಾಡ್ ಮಾಡಿದವ್ರು ಮೋಸ ಮಾಡಿದಾರಾ? ವೋಲ್ಟೇಜ್ ಕಮ್ಮಿ ಇದ್ರೆ ಕರೆಂಟ್ ಜಾಸ್ತಿ ಎಳ್ಯತ್ತೆ, ಬಿಲ್ಲೂ ಜಾಸ್ತಿ ಬರತ್ತೆ ಅಂತ ಊರಲ್ಲಿ ಎಲ್ರೂ ಹೇಳ್ತಾರೆ, ನಮ್ಮಲ್ಲಿ ಕಮ್ಮಿ ಎಳೀತಿದೆಯಲ್ಲ, ಅದು ಯಾಕೆ? ಇನ್ನೊಂದು, ಮಗಳು ಮಲ್ಟಿಮೀಟರ್ ತಗೊಂಡು ಹಳೇ 60 ವ್ಯಾಟ್ ಬಲ್ಬ್ ಅಳೆದ್ಳು, 65 ಓಮ್ ತೋರಿಸ್ತಿದೆ, ಪುಸ್ತಕದ ಲೆಕ್ಕದಲ್ಲಿ 880 ಮೇಲೆ ಬರತ್ತೆ. ಅವಳಂತೂ ಎರಡು ದಿನದಿಂದ ಇದೇ ಹಿಡ್ಕೊಂಡು ಕೂತಿದಾಳೆ, ಗೊತ್ತಿದ್ದವ್ರು ದಯವಿಟ್ಟು ಬಿಡಿಸಿ ಹೇಳಿ.

ಕಾಫಿಸೀಮೆ_ಹುಡುಗ:

ಅಣ್ಣ, 1500 ವ್ಯಾಟ್ ರಾಡ್ ಅಂದ್ಮೇಲೆ ಅದು 1500 ತಗೊಳ್ಳೇಬೇಕಲ್ವಾ, 1500 ಭಾಗಿಸು 180 ಮಾಡಿದ್ರೆ 8.33 ಆಂಪಿಯರ್ ಬರ್ಬೇಕು, 5.1 ಬಂದಿದೆ ಅಂದ್ರೆ ಒಂದೋ ರಾಡ್ ಲೋಕಲ್ ಮಾಲು, ಇಲ್ಲಾ ಟಾಂಗ್ ಟೆಸ್ಟರ್ ಸರಿ ಇಲ್ಲ. ವಾಪಸ್ ಕೊಟ್ಟು ಬೇರೆ ತನ್ನಿ.

ವಿಜ್ಞಾನ_ಮೇಷ್ಟ್ರು:

ವಾಪಸ್ ಕೊಡ್ಬೇಡಿ, ರಾಡ್ ಸರಿಯಾಗೇ ಇದೆ, ಟೆಸ್ಟರ್ರೂ ಸರಿ ಇದೆ. ನಾನು ಹೈಸ್ಕೂಲಲ್ಲಿ ಇದೇ ಪಾಠ ಮಾಡ್ತೀನಿ, ಈ ತಪ್ಪು ಪ್ರತೀ ವರ್ಷ ಬರತ್ತೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ವ್ಯಾಟ್ ಅನ್ನೋದು ರಾಡಿನ ಹುಟ್ಟುಗುಣ ಅಲ್ಲ. 230 ವೋಲ್ಟ್ ಕೊಟ್ರೆ ಮಾತ್ರ 1500 ವ್ಯಾಟ್, ಅದಕ್ಕೇ ಎರಡನ್ನೂ ಒಟ್ಟಿಗೆ ಅಚ್ಚು ಹಾಕಿರ್ತಾರೆ. ರಾಡಿನ ಹುಟ್ಟುಗುಣ ಅಂದ್ರೆ ಅದರ ರೋಧ, ಅಂದ್ರೆ ಕರೆಂಟನ್ನ ಎಷ್ಟು ತಡೆಯತ್ತೆ ಅನ್ನೋದು, ಅದನ್ನ ಓಮ್‌ನಲ್ಲಿ ಅಳೀತಾರೆ. ಒಳಗೆ ನೈಕ್ರೋಮ್ ತಂತಿ ಸುರುಳಿ ಇದೆ, ಅದರ ಉದ್ದ ದಪ್ಪ ನಿಮ್ಮ ಮನೆ ವೋಲ್ಟೇಜ್ ನೋಡಿ ಬದಲಾಗಲ್ಲ. ಆ ರೋಧ ಎಷ್ಟು ಅಂತ ಅಚ್ಚಿನಿಂದಲೇ ತೆಗೀಬಹುದು: ವೋಲ್ಟೇಜಿನ ವರ್ಗ ಭಾಗಿಸು ವ್ಯಾಟ್, 230 × 230 = 52,900, ಭಾಗಿಸು 1500, 35.3 ಓಮ್. ಈಗ ನೀವು ಅಳೆದ ಸಂಖ್ಯೆ ನೋಡಿ, 180 ಭಾಗಿಸು 5.1, ಅದೂ 35.3. ಅಚ್ಚಲ್ಲಿರೋದು, ನೀವು ಅಳೆದಿದ್ದು ಎರಡೂ ಕೂಡಿ ಬಂತು, ಇದಕ್ಕಿಂತ ಸಾಕ್ಷಿ ಬೇಡ.

ಕಾಫಿಸೀಮೆಯವ್ರು ವ್ಯಾಟ್ ಬದಲಾಗಲ್ಲ ಅಂತ ಹಿಡಿದ್ರು, 8.33 ಬಂತು. ನಿಮ್ಮ ಮಗಳು ಹಾಕಿದ 6.52 ಸರಿಯಾದ ಲೆಕ್ಕವೇ, ಆದ್ರೆ ಅದು 230 ವೋಲ್ಟ್ ಇರೋ ಮನೆಯದ್ದು, ಅದನ್ನ ತಂದು 180ಕ್ಕೆ ಗುಣಿಸಿದ್ರೆ 1174 ವ್ಯಾಟ್ ಅಂತ ಇನ್ನೊಂದು ತಪ್ಪು ಉತ್ತರ ಬರತ್ತೆ. ಬದಲಾಗದೇ ಇರೋದು ರೋಧ ಒಂದೇ. ವೋಲ್ಟೇಜ್ ಇಳಿದಾಗ ಕರೆಂಟೂ ಅದೇ ಪ್ರಮಾಣದಲ್ಲಿ ಇಳೀತು, ಎರಡೂ ಇಳಿದಿದ್ರಿಂದ ವ್ಯಾಟ್ ಎರಡು ಸಲ ಪೆಟ್ಟು ತಿಂತು. ವೋಲ್ಟೇಜ್ ಶೇಕಡಾ 22 ಕಮ್ಮಿ ಆದ್ರೆ ಶಾಖ ಶೇಕಡಾ 39 ಕಮ್ಮಿ.

ನೀರಿನ ಲೆಕ್ಕಾನೂ ನೋಡ್ಬಿಡಿ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿ ಆಗೋಕೆ 4186 ಜೌಲ್ ಬೇಕು. ಬಾವಿ ನೀರು 22 ಡಿಗ್ರಿ, ಸ್ನಾನಕ್ಕೆ 45 ಅಂತ ಇಟ್ಕೊಂಡ್ರೆ 20 × 4186 × 23, ಸುಮಾರು 19 ಲಕ್ಷದ 25 ಸಾವಿರ ಜೌಲ್. ವ್ಯಾಟ್ ಅಂದ್ರೆ ಸೆಕೆಂಡಿಗೆ ಇಷ್ಟು ಜೌಲ್ ಅಂತಲೇ ಅರ್ಥ, ಹಾಗಾಗಿ 1500ರಿಂದ ಭಾಗಿಸಿದ್ರೆ 1284 ಸೆಕೆಂಡ್, 21 ನಿಮಿಷ. 918ರಿಂದ ಭಾಗಿಸಿದ್ರೆ 35 ನಿಮಿಷ. ಅಂಗಡಿಯವ್ರು ಹೇಳಿದ್ದೂ ಸುಳ್ಳಲ್ಲ, ನಿಮ್ಮ ಗಡಿಯಾರಾನೂ ಸುಳ್ಳಲ್ಲ.

ಬಿಲ್ ವಿಷಯ: ಎರಡೂ ಕಡೆ ಬೇಕಾಗಿದ್ದು ಅಷ್ಟೇ ಜೌಲ್, ಒಂದು ಯೂನಿಟ್ ಅಂದ್ರೆ 36 ಲಕ್ಷ ಜೌಲ್, ಅಂದ್ರೆ ಬಕೆಟ್ಟಿಗೆ ಅರ್ಧ ಯೂನಿಟ್‌ಗಿಂತ ಚೂರು ಜಾಸ್ತಿ. ನಿಧಾನಕ್ಕೆ ಕಾಯೋವಾಗ ಬಕೆಟ್ಟಿಂದ ಗಾಳಿಗೆ ಹೋಗೋ ಶಾಖ ಸ್ವಲ್ಪ ಹೆಚ್ಚು, ಅಷ್ಟೇ ವ್ಯತ್ಯಾಸ.

ಬಲ್ಬಿಗೆ ಬರ್ತೀನಿ, ಇದು ನಂಗೆ ಬಹಳ ಇಷ್ಟದ ಪ್ರಶ್ನೆ. ಮಗಳು ಅಳೆದ 65 ಓಮ್ಮೂ ಸರಿ, ಪುಸ್ತಕದ 882 ಓಮ್ಮೂ ಸರಿ. ಮಲ್ಟಿಮೀಟರ್ ಅಳೆದಿದ್ದು ತಣ್ಣಗಿರೋ ಫಿಲಮೆಂಟನ್ನ. ಉರಿಯೋವಾಗ ಆ ಟಂಗ್‌ಸ್ಟನ್ ಎಳೆ 2000 ಡಿಗ್ರಿ ದಾಟಿ ಹೋಗತ್ತೆ, ಲೋಹ ಕಾದಷ್ಟೂ ರೋಧ ಏರತ್ತೆ, ಇಲ್ಲಿ ಹದಿಮೂರು ಪಟ್ಟಿಗಿಂತ ಜಾಸ್ತಿ ಏರಿದೆ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ 230 ಭಾಗಿಸು 65, ಮೂರೂವರೆ ಆಂಪಿಯರ್ ನುಗ್ಗತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಕಾದು ಕಾಲು ಆಂಪಿಯರಿಗೆ ಇಳೀತದೆ. ಹಳೇ ಬಲ್ಬು ಹೆಚ್ಚಾಗಿ ಸ್ವಿಚ್ ಹಾಕಿದ ತಕ್ಷಣ ಪಟ್ ಅಂತ ಹೋಗ್ತಿದ್ದಿದ್ದು ನೆನಪಿದ್ಯಾ, ಈ ನುಗ್ಗಾಟಕ್ಕೇ. ನೈಕ್ರೋಮ್ ಹಾಗಲ್ಲ, ಕಾದ್ರೂ ರೋಧ ನೂರಕ್ಕೆ ಕೆಲವೇ ಪಾಲು ಏರೋದು, ಅದಕ್ಕೇ ರಾಡಿಗೆ ಲೆಕ್ಕ ಅಷ್ಟು ಚೆಂದ ಕೂಡಿ ಬಂತು.

ಒಂದು ಮಾತು ಮರೀಬೇಡಿ, ಮಲ್ಟಿಮೀಟರನ್ನ ಓಮ್‌ಗೆ ಇಟ್ಟು ಯಾವತ್ತೂ ಕರೆಂಟ್ ಇರೋ ಜಾಗಕ್ಕೆ ಮುಟ್ಟಿಸ್ಬಾರ್ದು, ಆಂಪಿಯರ್‌ಗೆ ಇಟ್ಟು ಪ್ಲಗ್ಗಿನ ಎರಡು ತೂತಿಗೆ ಹಾಕಿದ್ರಂತೂ ನೇರ ಶಾರ್ಟ್, ಕೈಯಲ್ಲೇ ಸಿಡಿಯತ್ತೆ. ಮಗಳಿಗೆ ಬಿಡಿಸಿಟ್ಟ ವಸ್ತು ಮಾತ್ರ ಅಳೆಯೋಕೆ ಕೊಡಿ. ರಾಡ್ ಪ್ಲಗ್ಗಲ್ಲಿ ಇರೋವಾಗ ನೀರಿಗೆ ಬೆರಳು ಹಾಕಿ ಬಿಸಿ ನೋಡೋ ಅಭ್ಯಾಸ ಮನೇಲಿ ಯಾರಿಗಿದ್ರೂ ಇವತ್ತೇ ಬಿಡಿಸಿ.

ರೀವೈಂಡಿಂಗ್_ಶಿರಾ:

ಊರವ್ರು ಹೇಳೋದೂ ಸುಳ್ಳಲ್ಲ ಸಾರ್, ಅವ್ರು ಹೇಳ್ತಿರೋದು ಪಂಪ್‌ಸೆಟ್ ನೋಡಿ. ಮೋಟರು ರಾಡ್ ಥರ ಅಲ್ಲ, ಅಷ್ಟೇ ನೀರು ಅಷ್ಟೇ ಆಳದಿಂದ ಎತ್ಬೇಕು, ವೋಲ್ಟೇಜ್ ಇಳಿದ್ರೆ ಅದೇ ಕೆಲ್ಸಕ್ಕೆ ಕರೆಂಟ್ ಜಾಸ್ತಿ ಎಳ್ಕೊಂಡು ಗುದ್ದಾಡ್ತದೆ. 7 ಆಂಪಿಯರ್ ಎಳೀತಿದ್ದ ಒಂದ್ ಎಚ್‌ಪಿ ಮೋಟರು 9 ಎಳೀತು ಅಂದ್ಕೊಳ್ಳಿ, ಏನ್ ಎರಡೇ ಜಾಸ್ತಿ ಅನ್ನಿಸ್ತದೆ, ಆದ್ರೆ ಕಾಯಿಲ್ ಒಳಗೆ ಹುಟ್ಟೋ ಶಾಖ ಕರೆಂಟಿನ ವರ್ಗಕ್ಕೆ ಹೋಗೋದು, 49 ಇದ್ದಿದ್ದು 81 ಆಯ್ತು, ಒಂದೂವರೆ ಪಟ್ಟಿಗಿಂತ ಮೇಲೆ. ವಾರ್ನಿಶ್ ಕರಗಿ ಸುತ್ತು ಸುತ್ತು ಅಂಟ್ಕೊಂಡು ಕಪ್ಪಗೆ ಆಗಿರೋ ಸ್ಟೇಟರ್ (ಮೋಟರಿನ ತಿರುಗದೇ ಇರೋ ಕಾಯಿಲ್ ಭಾಗ) ಬೇಸಿಗೇಲಿ ದಿನಕ್ಕೆ ಮೂರಾದ್ರೂ ನನ್ನ ಬೆಂಚಿಗೆ ಬರ್ತವೆ, ಮೂಗಿಗೆ ಹಿಡಿದ್ರೆ ಸಾಕು ಲೋ ವೋಲ್ಟೇಜು ಅಂತ ಗೊತ್ತಾಗ್ತದೆ.

ಇನ್ನೊಂದು, ಮೋಟರಿಗೆ ವೋಲ್ಟೇಜ್ ಗುಣಿಸು ಆಂಪಿಯರ್ ಮಾಡಿ ವ್ಯಾಟ್ ಅಂತ ಬರ್ಕೋಬೇಡಿ. 230 × 7 = 1610, ಅದು ಬರೀ ವೋಲ್ಟ್-ಆಂಪಿಯರ್. ಅದ್ರಲ್ಲಿ ಎಷ್ಟು ಪಾಲು ನಿಜವಾದ ವ್ಯಾಟ್ ಅಂತ ಹೇಳೋದು ಪವರ್ ಫ್ಯಾಕ್ಟರ್, ಅದು 0.8 ಇದ್ರೆ ನಿಜವಾದ ವ್ಯಾಟ್ 1288. ರಾಡಿಗೆ, ಇಸ್ತ್ರಿ ಪೆಟ್ಟಿಗೆಗೆ ಈ ತೊಂದ್ರೆ ಇಲ್ಲ, ಅಲ್ಲಿ ಸೀದಾ ಗುಣಿಸಿ. ಹಂಗೇ ಮೋಟರ್ ಕಾಯಿಲ್ ರೋಧ ಮೀಟರಲ್ಲಿ ಮೂರು ಓಮ್ ಬಂತು ಅಂತ 230 ಭಾಗಿಸು 3 ಮಾಡಿ ಗಾಬರಿ ಆಗ್ಬೇಡಿ, ತಿರುಗೋ ಮೋಟರು ಒಳಗಿಂದ ತಾನೇ ಎದುರು ವೋಲ್ಟೇಜ್ ಹುಟ್ಟಿಸ್ತದೆ, ಅದ್ಕೇ ಕರೆಂಟ್ ಕಮ್ಮಿ. ಜಾಮ್ ಆಗಿ ನಿಂತ್ರೆ ಆ ಎದುರು ವೋಲ್ಟೇಜ್ ಇರಲ್ಲ, ಐದಾರು ಪಟ್ಟು ಎಳೀತದೆ, ನಿಮಿಷದಲ್ಲಿ ಹೊಗೆ.

ವೈರಿಂಗ್_ಹಾವೇರಿ:

ನಮಸ್ಕಾರ್ರೀ ಅಣ್ಣಾರ. ಮೇಷ್ಟ್ರ ಲೆಕ್ಕ ಖರೇ ಐತ್ರಿ, ಆದ್ರ ನನಗ ಬ್ಯಾರೇ ಒಂದು ಅನುಮಾನ ಬರಾಕತ್ತೈತಿ. ರಾಡ್ ಹಚ್ಚಿದಾಗ 180 ಐತಿ ಅಂದ್ರಿ, ರಾಡ್ ತಗದಾಗ ಎಷ್ಟ ಐತಿ? ಅದನ್ನ ಅಳದು ಹೇಳ್ರಿ. ಮನ್ಯಾಗ ಫ್ರಿಜ್ಜು ಫ್ಯಾನು ಎಲ್ಲಾ ಬಂದ್ ಮಾಡ್ರಿ, ಬರೇ ರಾಡ್ ಇಟ್ಟು ಒಮ್ಮೆ, ತಗದು ಒಮ್ಮೆ. ಎರಡರ ನಡುವಿನ ಫರಕನ್ನ 5.1ರಿಂದ ಭಾಗಸ್ರಿ, ಟಿಸಿಯಿಂದ ನಿಮ್ಮ ಪ್ಲಗ್ಗಿನ ತನಕ ವೈರು, ಜಾಯಿಂಟು, ಸ್ಕ್ರೂ ಎಲ್ಲಾ ಕೂಡಿ ಎಷ್ಟ ರೋಧ ಐತಿ ಅಂತ ಬರತೈತಿ. ಕಂಬದಿಂದ ಮನೀಗೆ ಎಷ್ಟ ದೂರ, ಯಾವ ವೈರ ಅದನ್ನೂ ಹೇಳ್ರಿ.

ತೋಟದಮನೆ_ಹೊಸನಗರ:

ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ಬಲ್ಬಿಂದು ಮಗಳಿಗೆ ಓದಿ ಹೇಳಿದೆ, ಊಟ ಬಿಟ್ಟು ಎದ್ದು ಹೋಗಿ ಮತ್ತೆ ಅಳೆದ್ಳು, ಉರಿಸಿ ಆರಿಸಿ ಬಿಸಿ ಇರೋವಾಗ್ಲೇ ಬಿಚ್ಚಿ ಮುಟ್ಟಿಸಿದ್ರೆ ಮೊದಲಿಗಿಂತ ಜಾಸ್ತಿ ತೋರಿಸಿ ನಿಧಾನಕ್ಕೆ ಇಳೀತಾ ಬಂತು ಅಂತ ಕುಣಿದಾಡ್ತಿದಾಳೆ.

ಹಾವೇರಿಯವ್ರಿಗೆ: ರಾಡ್ ತೆಗೆದ್ರೆ 204, ಹಾಕಿದ್ರೆ 180. ಮೂರು ಸಲ ನೋಡಿದೀವಿ. ಕಂಬದಿಂದ ಮನೆಗೆ 100 ಮೀಟರ್ ಇದೆ, 4 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಸರ್ವೀಸ್ ವೈರ್, ಅಡಕೆ ಮರಗಳ ಮಧ್ಯೆ ಬಂದಿದೆ.

ಮತ್ತೆ ಮಗಳದ್ದು ಒಂದು ಪ್ರಶ್ನೆ, ಅವಳೇ ಟೈಪ್ ಮಾಡಿದಾಳೆ:

ಸರ್ ನಮ್ ಬುಕ್ಕಲ್ಲಿ ಎರಡು ಸೂತ್ರ ಇದೆ, ಪಿ ಸಮ ಐ ವರ್ಗ ಆರ್, ಇನ್ನೊಂದು ಪಿ ಸಮ ವಿ ವರ್ಗ ಭಾಗಿಸು ಆರ್ (ಪಿ ಪವರ್ ಅಂದ್ರೆ ವ್ಯಾಟ್, ಐ ಕರೆಂಟ್, ವಿ ವೋಲ್ಟೇಜ್, ಆರ್ ರೋಧ). ಮೊದಲನೇದ್ರಲ್ಲಿ ಆರ್ ಜಾಸ್ತಿ ಆದ್ರೆ ಪವರ್ ಜಾಸ್ತಿ, ಎರಡನೇದ್ರಲ್ಲಿ ಆರ್ ಜಾಸ್ತಿ ಆದ್ರೆ ಪವರ್ ಕಮ್ಮಿ, ಎರಡೂ ಹೇಗೆ ಸರಿ ಆಗತ್ತೆ ಸರ್?

ವೈರಿಂಗ್_ಹಾವೇರಿ:

ಅಲ್ಲೇ ಸಿಕ್ತು ನೋಡ್ರಿ. 204ರಾಗ 180 ಕಳದ್ರ 24 ವೋಲ್ಟ್, 24 ಭಾಗ 5.1, 4.7 ಓಮ್. 4 ಸ್ಕ್ವೇರ್ ಅಲ್ಯೂಮಿನಿಯಂ ವೈರು ಕಿಲೋಮೀಟರಿಗೆ 7.41 ಓಮ್ ಐತ್ರಿ, ನಿಮ್ದು 100 ಮೀಟರ್, ಹೋಗಾಕ ಬರಾಕ ಸೇರಿ 200 ಮೀಟರ್, ಅಂದ್ರ 1.5 ಓಮ್. ಟಿಸಿಯಿಂದ ಕಂಬದ ತನಕ ಲೈನಿಗೆ ಒಂದ್ ಓಮ್ ಒಂದೂವರಿ ಓಮ್ ಅಂತ ಬಿಟ್ರೂ ಇನ್ನೂ ಉಳೀತೈತಿ. ಇದು ವೈರಿನ ರೋಧ ಅಲ್ರೀ, ಎಲ್ಲೋ ಒಂದ ಜಾಯಿಂಟ್ ಲೂಸ್ ಐತಿ. ಅಲ್ಯೂಮಿನಿಯಂ ಮೃದು ಲೋಹ, ಸ್ಕ್ರೂ ಬಿಗದ ಜಾಗದಾಗ ಕಾದು ತಣಿದು ಕಾದು ತಣಿದು ಸಡ್ಲ ಆಗತೈತಿ, ಮ್ಯಾಲೆ ಬಿಳೀ ಪುಡಿ ಹಿಡಿತೈತಿ, ಆ ಪುಡಿ ಕರೆಂಟ್ ಬಿಡಂಗಿಲ್ಲ. ಮಲೆನಾಡ ತಂಪಿನ್ಯಾಗ ಇನ್ನೂ ಬ್ಯಾಗ.

ನೀವು ಕೈ ಹಾಕಬ್ಯಾಡ್ರಿ. ಆ ಎಲೆಕ್ಟ್ರಿಷಿಯನ್ನ ಕರದು ಹೇಳ್ರಿ, ರಾಡ್ ಹಚ್ಚಿ, ಮೇನ್ ಸ್ವಿಚ್ಚಿನ ಒಂದೊಂದು ಜಾಯಿಂಟಿಗೂ ಬಂದ ವೈರಿಗೆ ಮೀಟರಿನ ಒಂದ ಕಡ್ಡಿ, ಹೋದ ವೈರಿಗೆ ಒಂದ ಕಡ್ಡಿ ಇಟ್ಟು ವೋಲ್ಟೇಜ್ ನೋಡಾಕ. ಚೊಲೋ ಜಾಯಿಂಟ್ ಇದ್ರ ಸೊನ್ನಿ ಅಂದಂಗ ಬರತೈತಿ. ಎಲ್ಲಿ ಐದು ಹತ್ತು ವೋಲ್ಟ್ ಬರತೈತೋ ಅಲ್ಲೇ ಕಳ್ಳ ಅದಾನ. ಮನ್ಯಾಗ ಮೂರು ಫೇಸ್ ಇದ್ದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಲೂಸ್ ಇದ್ರಂತೂ ಭಾಳ ಅಪಾಯ್ರೀ, ಒಂದ ಫೇಸಿಗೆ ಕಮ್ಮಿ ಆಗಿ ಇನ್ನೊಂದಕ್ಕ 300ರ ಮ್ಯಾಲೆ ಹೋಗಿ ಟಿವಿ ಫ್ರಿಜ್ಜು ಎಲ್ಲಾ ಸುಡತಾವ.

ವಿಜ್ಞಾನ_ಮೇಷ್ಟ್ರು:

ಪುಟ್ಟಾ, ಬಹಳ ಒಳ್ಳೇ ಪ್ರಶ್ನೆ ಕೇಳಿದ್ದೀಯ, ಇದನ್ನ ಕೇಳ್ದೇನೇ ಎಷ್ಟೋ ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಪಾಸಾಗಿ ಹೋಗ್ತಾರೆ. ಸೂತ್ರ ಬಳಸೋ ಮೊದ್ಲು ಒಂದು ಕೇಳ್ಕೋ: ಇಲ್ಲಿ ಬದಲಾಗದೇ ಇರೋದು ಯಾವುದು?

ನಿಮ್ಮನೇಲೇ ಎರಡೂ ಉದಾಹರಣೆ ಇದೆ. 1000 ವ್ಯಾಟ್ ರಾಡಿನ ರೋಧ 52.9 ಓಮ್, ನಿಮ್ಮ 1500 ವ್ಯಾಟ್ ರಾಡಿಂದು 35.3. ಎರಡನ್ನೂ ಬೇರೆ ಬೇರೆ ಪ್ಲಗ್ಗಿಗೆ ಹಾಕಿದ್ರೆ ಸಮಾಂತರ ಜೋಡಣೆ, ಎರಡಕ್ಕೂ ಸಿಗೋ ವೋಲ್ಟೇಜ್ ಒಂದೇ. ಆಗ ರೋಧ ಕಮ್ಮಿ ಇರೋದೇ ಜಾಸ್ತಿ ಕಾಯತ್ತೆ, ವಿ ವರ್ಗ ಭಾಗಿಸು ಆರ್ ಹಾಕು. ಆದ್ರೆ ಹಾವೇರಿಯವ್ರು ಹೇಳಿದ ಲೂಸ್ ಜಾಯಿಂಟ್ ಇದ್ಯಲ್ಲ, ಅದು ರಾಡಿನ ಜೊತೆ ಸರಣಿಯಲ್ಲಿದೆ, ಅದರ ಮೂಲಕ ಹೋದ ಕರೆಂಟೇ ರಾಡಿಗೂ ಹೋಗ್ಬೇಕು, ಎರಡರಲ್ಲೂ ಅದೇ 5.1 ಆಂಪಿಯರ್. ಕರೆಂಟ್ ಒಂದೇ ಆಗಿರೋವಾಗ ಐ ವರ್ಗ ಆರ್, ಅಂದ್ರೆ ರೋಧ ಜಾಸ್ತಿ ಇರೋ ಜಾಗ ಜಾಸ್ತಿ ಕಾಯತ್ತೆ. ಅದಕ್ಕೇ ತಾಮ್ರದ ವೈರು ತಣ್ಣಗಿದ್ರೂ ಅದೇ ವೈರಿನ ಲೂಸ್ ಸ್ಕ್ರೂ ಸುಟ್ಟು ಕರಕಲಾಗತ್ತೆ. ಪರೀಕ್ಷೇಲಿ 100 ಮತ್ತು 60 ವ್ಯಾಟ್ ಬಲ್ಬನ್ನ ಸರಣಿಯಲ್ಲಿ ಜೋಡಿಸಿದ್ರೆ ಯಾವುದು ಹೆಚ್ಚು ಬೆಳಗತ್ತೆ ಅಂತ ಕೇಳಿದ್ರೆ ಕಣ್ಣುಮುಚ್ಚಿ 60 ಅಂತ ಬರಿ, ಯಾಕೆ ಅಂತ ನಿಂಗೀಗ ಗೊತ್ತು.

ಹಾಗೇ ಇನ್ನೊಂದು, ಇದು ನಮ್ಮ ನಾಡಿನದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಹೆಚ್ಚುಕಮ್ಮಿ 150 ಕಿಲೋಮೀಟರ್ ದೂರ, ವಿದ್ಯುತ್ ಕೊಟ್ರು. ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಕಳಿಸಿದ್ದು. ಯಾಕೆ ಅಂತ ನಿಮ್ಮೂರಿನ 11 ಸಾವಿರ ವೋಲ್ಟ್ ಲೈನಲ್ಲೇ ಲೆಕ್ಕ ಹಾಕು. ಒಂದು ಲಕ್ಷ ವ್ಯಾಟ್ ಸಾಗಿಸ್ಬೇಕು ಅಂದ್ರೆ 230 ವೋಲ್ಟಲ್ಲಿ 435 ಆಂಪಿಯರ್ ಬೇಕು, 11,000ದಲ್ಲಿ 9 ಆಂಪಿಯರ್ ಸಾಕು. ವೈರು ಅದೇ, ರೋಧ ಅದೇ, ಆದ್ರೆ ದಾರೀಲಿ ಸೋರಿ ಹೋಗೋ ಶಾಖ ಐ ವರ್ಗಕ್ಕೆ ಹೋಗೋದ್ರಿಂದ 2,200 ಪಟ್ಟಿಗಿಂತ ಜಾಸ್ತಿ ಕಮ್ಮಿ ಆಗತ್ತೆ.

ಕಾಫಿಸೀಮೆ_ಹುಡುಗ:

ಮೇಷ್ಟ್ರೇ ನಾನು ಮೇಲೆ ಹೇಳಿದ್ದು ತಪ್ಪು, ಒಪ್ಕೊಂಡೆ. ನಮ್ಮನೇಲೂ ಲೈನ್ ಕೊನೇಲೇ ಇರೋದು, ಇವತ್ತೇ ರಾಡ್ ಹಾಕಿ ತೆಗೆದು ಅಳೆದೆ, 219 ಮತ್ತು 211, ನಮ್ದು ಪರವಾಗಿಲ್ಲ ಅನ್ಸತ್ತೆ.

ತೋಟದಮನೆ_ಹೊಸನಗರ:

ಎಲ್ರಿಗೂ ದೊಡ್ಡ ನಮಸ್ಕಾರ, ಕಳ್ಳ ಸಿಕ್ಕಿದ. ಎಲೆಕ್ಟ್ರಿಷಿಯನ್ ಇವತ್ತು ಬೆಳಗ್ಗೆ ಬಂದಿದ್ರು. ಫೇಸ್ ಕಡೆ ಎಲ್ಲ ಸರಿ ಇತ್ತು, ಮೇನ್ ಸ್ವಿಚ್ಚಿನ ನ್ಯೂಟ್ರಲ್ ಜಾಯಿಂಟಲ್ಲಿ ಕಡ್ಡಿ ಇಟ್ಟಾಗ 9 ವೋಲ್ಟ್ ತೋರಿಸ್ತು. ಮಗಳು ಅಲ್ಲೇ ನಿಂತು ಲೆಕ್ಕ ಹಾಕಿದ್ಳು, 9 ಭಾಗಿಸು 5.1, 1.76 ಓಮ್, 9 ಗುಣಿಸು 5.1, 46 ವ್ಯಾಟ್. ಎಲೆಕ್ಟ್ರಿಷಿಯನ್ ತಮ್ಮ ಚೀಲದಿಂದ ಸಾಲ್ಡರಿಂಗ್ ಐರನ್ ತೆಗೆದು ತೋರಿಸಿದ್ರು, 25 ವ್ಯಾಟ್ ಅಂತ ಬರ್ದಿತ್ತು. ಅಂಥಾ ಎರಡು ಐರನ್ ಮರದ ಬೋರ್ಡಿನ ಮೇಲೆ ದಿನಾ ಮುಕ್ಕಾಲು ಗಂಟೆ ಇಟ್ಟ ಹಾಗೆ ಆಗ್ತಿತ್ತು, ಅದೂ ಮೇಲೆ ಅಟ್ಟದಲ್ಲಿ ಒಣ ಅಡಕೆ ಹಾಳೆ ಪೇರಿಸಿಟ್ಟಿದೀವಿ. ಕೈಕಾಲು ತಣ್ಣಗಾಯ್ತು ನಂಗೆ.

ಲೈನ್‌ಮನ್ ಬಂದು ಕಂಬದಲ್ಲಿ ಫ್ಯೂಸ್ ತೆಗೆದ ಮೇಲೆ ಬಿಚ್ಚಿದ್ರು. ವೈರಿನ ತುದಿ ಕಪ್ಪು, ಸುತ್ತ ಹಾವೇರಿಯವ್ರು ಹೇಳಿದ ಅದೇ ಬಿಳೀ ಪುಡಿ, ಸ್ಕ್ರೂ ಕೆಳಗಿನ ಪಿಂಗಾಣಿ ಬಿರುಕು ಬಿಟ್ಟಿತ್ತು. ಸುಟ್ಟ ತುದಿ ಕತ್ತರಿಸಿ ಹಾಕಿ, ಲಗ್ (ವೈರಿನ ತುದಿಗೆ ಹಾಕೋ ಲೋಹದ ಟೊಪ್ಪಿ) ಒತ್ತಿ ಕ್ರಿಂಪ್ ಮಾಡಿ ಹೊಸ ಮೇನ್ ಸ್ವಿಚ್ ಕೂರಿಸಿದ್ರು. ಆ ಜಾಗದಲ್ಲಿ ಈಗ ವೋಲ್ಟೇಜ್ ಸೊನ್ನೆ.

ಈಗ ರಾಡ್ ಹಾಕಿದ್ರೆ ಪ್ಲಗ್ ಹತ್ರ 188 ವೋಲ್ಟ್, 5.3 ಆಂಪಿಯರ್. ಬಿಚ್ಚೋಕೆ ಮುಂಚೆನೇ ಮಗಳು ನೋಟ್‌ಬುಕ್ಕಲ್ಲಿ 4.7ರಲ್ಲಿ 1.76 ಕಳೆದು, ಅದಕ್ಕೆ ರಾಡಿನ 35.3 ಕೂಡಿಸಿ, 204ನ್ನ ಆ ಒಟ್ಟು ರೋಧದಿಂದ ಭಾಗಿಸಿ 5.33 ಅಂತ ಬರ್ದಿಟ್ಟಿದ್ಳು, ಟೆಸ್ಟರಲ್ಲಿ 5.3 ಬಂದಾಗ ಅವಳ ಮುಖ ನೋಡ್ಬೇಕಿತ್ತು ನೀವು. ಬಕೆಟ್ ನೀರಿಗೆ ಈಗ 32 ನಿಮಿಷ, ಮೂರು ನಿಮಿಷ ಅಷ್ಟೇ ಉಳೀತು, ಆದ್ರೆ ಆ ಬೋರ್ಡ್ ಮುಟ್ಟಿದ್ರೆ ಗೋಡೆಯಷ್ಟೇ ತಣ್ಣಗಿದೆ.

ರಾಡ್ ಇಲ್ದೇನೂ 204 ಇರೋದು ಕಮ್ಮಿನೇ, 230ಕ್ಕೆ ಶೇಕಡಾ 6 ಕಳೆದ್ರೂ 216 ಬರ್ಬೇಕು ಅಂತ ಲೈನ್‌ಮನ್ನೇ ಹೇಳಿದ್ರು, ಸೆಕ್ಷನ್ ಆಫೀಸಿಗೆ ಅರ್ಜಿ ಬರ್ದು ಅಳೆದ ಸಂಖ್ಯೆಗಳನ್ನೂ ದಿನಾಂಕ ಹಾಕಿ ಜೊತೆಗೆ ಇಟ್ಟಿದೀನಿ. ಮಳೆ ಬಿಟ್ಟ ದಿನ ಕಂಬದ ಮೇಲಿನ ಜಾಯಿಂಟನ್ನೂ ನೋಡ್ತಾರಂತೆ. ಆಮೇಲೆ ಮತ್ತೆ ಅಳೆದು ಇಲ್ಲೇ ಹಾಕ್ತೀನಿ.